ಪಾಡ್ ಹೋದರೂ ಡೇಟಾ ಉಳಿಯಬೇಕೆಂದರೆ: ಕುಬರ್ನೆಟಿಸ್ ವಾಲ್ಯೂಮ್‌ಗಳ ಒಳಹೊರಗು

ಒಂದೇ ಸರ್ವರಿನಲ್ಲಿ ವರ್ಷಗಟ್ಟಲೆ ಓಡುತ್ತಿದ್ದ ಅಪ್ಲಿಕೇಶನ್ನನ್ನು ಕಂಟೇನರಿಗೆ ಹಾಕಿ ಹಲವು ಯಂತ್ರಗಳ ಮೇಲೆ ಕಂಟೇನರ್‌ಗಳನ್ನು ನಡೆಸಿ ನೋಡಿಕೊಳ್ಳುವ ಕುಬರ್ನೆಟಿಸ್ ಮೇಲೆ ಓಡಿಸಲು ಶುರುಮಾಡುತ್ತಾರೆ. ಮೊದಲ ದಿನ ಎಲ್ಲ ಸರಿ. ಬಳಕೆದಾರರು ಅಪ್‌ಲೋಡ್ ಮಾಡಿದ ಫೋಟೊಗಳು ತೆರೆದುಕೊಳ್ಳುತ್ತವೆ. ಮರುದಿನ ಹೊಸ ಆವೃತ್ತಿ ಬಿಟ್ಟ ಕೂಡಲೇ ಆ ಫೋಟೊಗಳೆಲ್ಲ ಮಾಯ. ಎರರ್ ಇಲ್ಲ, ಲಾಗ್‌ನಲ್ಲಿ ಸುಳಿವೂ ಇಲ್ಲ. ವ್ಯವಸ್ಥೆ ತನಗೆ ಹೇಳಿದ್ದನ್ನಷ್ಟೇ ಮಾಡಿದೆ: ಹಳೆಯ ಪಾಡ್ ಕಿತ್ತುಹಾಕಿ ಹೊಸದನ್ನು ನಿಲ್ಲಿಸಿದೆ. ಫೋಟೊಗಳು ಹಳೆಯದರ ಜೊತೆಗೇ ಹೋದವು.

ಕುಬರ್ನೆಟಿಸ್‌ನಲ್ಲಿ ಡೇಟಾ ಇಡಲು ಹತ್ತಾರು ಬಗೆಯ ವಾಲ್ಯೂಮ್‌ಗಳಿವೆ, ಅಂದರೆ ಕಂಟೇನರಿಗೆ ಫೋಲ್ಡರಿನಂತೆ ಕಾಣುವ ಶೇಖರಣಾ ಜಾಗಗಳು. ಅವುಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ, ಪ್ರತಿಯೊಂದರ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳುವುದು ಮೇಲು: ಇದರ ಆಯುಷ್ಯ ಯಾವುದರ ಆಯುಷ್ಯಕ್ಕೆ ಗಂಟು ಬಿದ್ದಿದೆ? ಕಂಟೇನರಿಗೋ, ಪಾಡ್‌ಗೋ, ನೋಡ್‌ಗೋ, ಅಥವಾ ಇವೆಲ್ಲದರ ಆಚೆಗೋ?

## ಕಂಟೇನರಿನೊಳಗೆ ಬರೆದದ್ದು ಎಲ್ಲಿ ಕೂರುತ್ತದೆ

ಮೊದಲು ಮೂರು ಪದ. ಕಂಟೇನರ್ ಎಂದರೆ ಒಂದು ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಫೈಲುಗಳನ್ನೆಲ್ಲ ಒಟ್ಟುಗೂಡಿಸಿ ಪ್ರತ್ಯೇಕವಾಗಿ ಓಡಿಸುವ ಕ್ರಮ. ಒಂದೋ ಹಲವೋ ಕಂಟೇನರ್‌ಗಳು ಒಟ್ಟಿಗೆ ಬಾಳುವ ಕೂಡುಕುಟುಂಬ ಪಾಡ್; ಅವುಗಳಿಗೆ ಐಪಿ ವಿಳಾಸ ಒಂದೇ, ವಾಲ್ಯೂಮ್‌ಗಳನ್ನೂ ಹಂಚಿಕೊಳ್ಳಬಹುದು. ಪಾಡ್ ಓಡುವ ಯಂತ್ರಕ್ಕೆ ನೋಡ್ ಎನ್ನುತ್ತಾರೆ. ಪ್ರತಿ ನೋಡ್‌ನಲ್ಲೂ ಕ್ಯೂಬ್ಲೆಟ್ ಎಂಬ ಮೇಸ್ತ್ರಿ ಕುಳಿತಿರುತ್ತದೆ.

ಕಂಟೇನರ್ ಇಮೇಜ್, ಅಂದರೆ ಕಂಟೇನರನ್ನು ಎಬ್ಬಿಸುವ ಅಚ್ಚು, ಹಲವು ಪದರಗಳಿಂದ ಆಗಿರುತ್ತದೆ, ಅವೆಲ್ಲ ಓದಲು ಮಾತ್ರ. ಕಂಟೇನರ್ ಶುರುವಾದಾಗ ಅವುಗಳ ಮೇಲೆ ಬರೆಯಬಹುದಾದ ಒಂದು ತೆಳು ಪದರ ಕೂರುತ್ತದೆ. ಅಚ್ಚಾದ ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೀಚಿದ ಹಾಗೆ: ನೋಡುವವರಿಗೆ ಎರಡೂ ಸೇರಿ ಒಂದೇ ಪುಟ, ಹಾಳೆ ಎತ್ತಿದರೆ ಗೀಚಿದ್ದೂ ಹೋಯಿತು. ಇಮೇಜ್‌ನಲ್ಲಿರುವ 2 ಜಿಬಿ ಫೈಲಿನಲ್ಲಿ ಒಂದು ಅಕ್ಷರ ಬದಲಿಸಿದರೂ, ಸಾಮಾನ್ಯವಾಗಿ ಬಳಕೆಯಲ್ಲಿರುವ ಓವರ್‌ಲೇ ಫೈಲ್‌ಸಿಸ್ಟಂ ಮೊದಲು ಇಡೀ ಫೈಲನ್ನು ಮೇಲಿನ ಪದರಕ್ಕೆ ನಕಲಿಸುತ್ತದೆ. ಡೇಟಾಬೇಸನ್ನು ಹಾಗೇ ಕಂಟೇನರಿನೊಳಗೆ ಓಡಿಸಬಾರದು ಎನ್ನುವುದಕ್ಕೆ ವೇಗವೂ ಒಂದು ಕಾರಣ.

ಕಂಟೇನರ್ ಕುಸಿದರೆ ಕ್ಯೂಬ್ಲೆಟ್ ಅದನ್ನು ರಿಪೇರಿ ಮಾಡುವುದಿಲ್ಲ, ಅದೇ ಇಮೇಜ್‌ನಿಂದ ಹೊಸದೊಂದನ್ನು ಎಬ್ಬಿಸುತ್ತದೆ. ಹೊಸದಕ್ಕೆ ಹೊಸ ಹಾಳೆ. ‘ರೀಸ್ಟಾರ್ಟ್’ ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ; ಕಂಪ್ಯೂಟರ್ ಆರಿಸಿ ಹಚ್ಚಿದಂತಲ್ಲ ಇದು.

## ಪಾಡ್ ಇರುವಷ್ಟು ದಿನ, ನೋಡ್ ಇರುವಷ್ಟು ದಿನ

ಎಂಪ್ಟಿಡಿರ್ ಅತಿ ಸರಳ ವಾಲ್ಯೂಮ್. ಪಾಡ್ ಒಂದು ನೋಡ್‌ಗೆ ನಿಗದಿಯಾದಾಗ ಅಲ್ಲಿ ಖಾಲಿ ಫೋಲ್ಡರ್ ಹುಟ್ಟುತ್ತದೆ, ಪಾಡ್ ಅಲ್ಲಿಂದ ತೆಗೆದುಹಾಕಲ್ಪಟ್ಟಾಗ ಅಳಿಯುತ್ತದೆ. ನಡುವೆ ಕಂಟೇನರ್ ಎಷ್ಟು ಸಲ ಕುಸಿದೆದ್ದರೂ ಅದರಲ್ಲಿದ್ದದ್ದು ಇರುತ್ತದೆ. ತಾತ್ಕಾಲಿಕ ಫೈಲು, ಕ್ಯಾಶ್, ಒಂದು ಕಂಟೇನರ್ ಬರೆದು ಪಕ್ಕದ್ದು ಓದುವ ಲಾಗ್, ಇಂಥವಕ್ಕೆ ಸರಿಯಾದ ಜಾಗ. ಇದಕ್ಕೆ ಗಾತ್ರದ ಮಿತಿ ಹಾಕಬಹುದು. ಮಿತಿ ಮೀರಿದರೆ ‘ಡಿಸ್ಕ್ ತುಂಬಿದೆ’ ಎಂಬ ಎರರ್ ಬರುತ್ತದೆಂದು ಕಾಯಬೇಡಿ, ಕ್ಯೂಬ್ಲೆಟ್ ಇಡೀ ಪಾಡನ್ನೇ ಹೊರಹಾಕುತ್ತದೆ. ಮಾಧ್ಯಮ ‘ಮೆಮೊರಿ’ ಎಂದು ಕೊಟ್ಟರೆ ಫೋಲ್ಡರ್ ರ‍್ಯಾಮ್‌ನಲ್ಲಿ ಕೂರುತ್ತದೆ. ಆಗ ಅಲ್ಲಿ ಬರೆದದ್ದೆಲ್ಲ ಕಂಟೇನರಿನ ಮೆಮೊರಿ ಲೆಕ್ಕಕ್ಕೆ ಬೀಳುತ್ತದೆ. ಮೆಮೊರಿ ಮಿತಿ 512 ಎಂಬಿ ಇರುವ ಕಂಟೇನರ್ ಅಲ್ಲಿ 400 ಎಂಬಿ ಕ್ಯಾಶ್ ತುಂಬಿದರೆ ಪ್ರೋಗ್ರಾಂಗೆ ಉಳಿಯುವುದು ನೂರು ಚಿಲ್ಲರೆ ಮಾತ್ರ.

ಹೋಸ್ಟ್‌ಪಾತ್ ವಾಲ್ಯೂಮ್ ನೋಡ್‌ನ ಡಿಸ್ಕಿನಲ್ಲಿರುವ ಫೋಲ್ಡರನ್ನೇ ನೇರವಾಗಿ ಪಾಡ್‌ಗೆ ತೋರಿಸುತ್ತದೆ. ಪಾಡ್ ಹೋದರೂ ಫೈಲು ಉಳಿಯುತ್ತದೆ, ಆದರೆ ಅದೇ ನೋಡ್‌ನಲ್ಲಿ. ಪಾಡ್ ನಾಳೆ ಬೇರೆ ನೋಡ್‌ಗೆ ಹೋದರೆ ಅಲ್ಲಿ ಖಾಲಿ ಫೋಲ್ಡರ್ ಕಾಣುತ್ತದೆ, ಮರಳಿ ಮೊದಲಿನದಕ್ಕೆ ಬಂದರೆ ಹಳೆಯ ಡೇಟಾ ಪ್ರತ್ಯಕ್ಷ! ಇದಕ್ಕಿಂತ ದೊಡ್ಡ ಅಪಾಯ ಭದ್ರತೆಯದು. ನೋಡ್‌ನ ಮೂಲ ಫೋಲ್ಡರನ್ನು ಬರೆಯುವ ಅನುಮತಿಯೊಡನೆ ಮೌಂಟ್ ಮಾಡಿಕೊಂಡು (ಅಂದರೆ ತನ್ನೊಳಗಿನ ಫೋಲ್ಡರಿನಂತೆ ಜೋಡಿಸಿಕೊಂಡು), ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಓಡುವ ಪಾಡ್ ಆ ಯಂತ್ರದ ಯಜಮಾನನೇ ಆದಂತೆ. ಲಾಗ್ ಸಂಗ್ರಹಿಸುವ ಏಜೆಂಟ್‌ಗಳಂಥ ಮೂಲಸೌಕರ್ಯದ ಪಾಡ್‌ಗಳ ಹೊರತು ಮಾಮೂಲಿ ಅಪ್ಲಿಕೇಶನ್ನಿಗೆ ಇದು ಬೇಡ.

ಕಾನ್ಫಿಗ್‌ಮ್ಯಾಪ್ ಮತ್ತು ಸೀಕ್ರೆಟ್‌ಗಳನ್ನೂ ವಾಲ್ಯೂಮ್‌ನಂತೆ ಮೌಂಟ್ ಮಾಡಬಹುದು. ಅವು ಸಂರಚನೆ, ಪಾಸ್‌ವರ್ಡ್‌ಗಳಂಥವಕ್ಕೆ ಮೀಸಲು, ತಲಾ 1 ಎಂಬಿ ಆಸುಪಾಸಿನ ಮಿತಿಯೂ ಇದೆ.

## ಅರ್ಜಿ, ಮಂಜೂರಾತಿ, ದರ್ಜೆ

ಪಾಡ್ ಮತ್ತು ನೋಡ್ ಎರಡರ ಆಚೆಗೂ ಬದುಕಬೇಕಾದ ಡೇಟಾಗೆ ಕುಬರ್ನೆಟಿಸ್ ಮೂರು ಪಾತ್ರಗಳನ್ನು ಕಟ್ಟಿಕೊಂಡಿದೆ.

ಪರ್ಸಿಸ್ಟೆಂಟ್ ವಾಲ್ಯೂಮ್, ಅಂದರೆ ಪಿವಿ, ನಿಜವಾದ ಜಾಗದ ದಾಖಲೆ. ಕ್ಲೌಡ್ ಡಿಸ್ಕ್ ಇರಬಹುದು, ನೆಟ್‌ವರ್ಕ್ ಮೂಲಕ ಹಂಚುವ ಎನ್‌ಎಫ್‌ಎಸ್ ಫೋಲ್ಡರ್ ಇರಬಹುದು, ಸೆಫ್‌ನಂಥ ಶೇಖರಣಾ ವ್ಯವಸ್ಥೆಯ ಒಂದು ತುಂಡು ಇರಬಹುದು. ಪರ್ಸಿಸ್ಟೆಂಟ್ ವಾಲ್ಯೂಮ್ ಕ್ಲೇಮ್, ಅಂದರೆ ಪಿವಿಸಿ, ಒಂದು ಅರ್ಜಿ: ‘ನನಗೆ ಇಷ್ಟು ಜಾಗ ಬೇಕು, ಹೀಗೆ ಬಳಸುತ್ತೇನೆ, ಇಂಥ ದರ್ಜೆಯದು ಕೊಡಿ’. ಆ ದರ್ಜೆಯ ಹೆಸರೇ ಸ್ಟೋರೇಜ್‌ಕ್ಲಾಸ್. ಯಾವ ಡ್ರೈವರ್ ಬಳಸಿ, ಎಂಥ ಡಿಸ್ಕನ್ನು, ಯಾವ ನಿಯಮದಡಿ ಸೃಷ್ಟಿಸಬೇಕೆಂಬುದನ್ನು ಅದರಲ್ಲಿ ಬರೆದಿರುತ್ತಾರೆ.

ಪಾಡ್ ಎಂದೂ ಡಿಸ್ಕಿನ ಹೆಸರು ಹೇಳುವುದಿಲ್ಲ, ಅರ್ಜಿಯ ಹೆಸರಷ್ಟೇ ಹೇಳುತ್ತದೆ. ಹೀಗಾಗಿ ಅಪ್ಲಿಕೇಶನ್ ಬರೆಯುವವರಿಗೆ ಕೆಳಗಿರುವುದು ಯಾವ ಕಂಪನಿಯ ಡಿಸ್ಕ್ ಎಂದು ಗೊತ್ತಿರಬೇಕಿಲ್ಲ.

ಮೊದಮೊದಲು ನಿರ್ವಾಹಕರು ಪಿವಿಗಳನ್ನು ಕೈಯಾರೆ ಮಾಡಿಡಬೇಕಿತ್ತು. 2017ರಲ್ಲಿ ಬಂದ 1.6ನೇ ಆವೃತ್ತಿಯಿಂದ ಸ್ಟೋರೇಜ್‌ಕ್ಲಾಸ್ ಸ್ಥಿರ ಸೌಲಭ್ಯವಾಯಿತು. ಅರ್ಜಿ ಬಿದ್ದ ಮೇಲೆ ಡಿಸ್ಕ್ ತಾನಾಗಿ ಹುಟ್ಟುವುದೇ ಈಗ ರೂಢಿ. ಕೈಯಾರೆ ಮಾಡುವವರು ಎರಡು ಸಂಗತಿ ನೆನಪಿಡಬೇಕು. ಒಂದು, ಅರ್ಜಿಗೂ ಪಿವಿಗೂ ಒಂದಕ್ಕೊಂದೇ ಗಂಟು. 8 ಜಿಬಿ ಕೇಳಿದ ಅರ್ಜಿಗೆ 50 ಜಿಬಿಯ ಪಿವಿ ಸಿಕ್ಕರೆ ಉಳಿದ 42 ಜಿಬಿ ಬೇರೆ ಯಾವ ಅರ್ಜಿಗೂ ದಕ್ಕುವುದಿಲ್ಲ. ಎರಡು, ಅರ್ಜಿಯಲ್ಲಿ ಸ್ಟೋರೇಜ್‌ಕ್ಲಾಸ್ ಹೆಸರನ್ನು ಬರೆಯದೇ ಬಿಡುವುದಕ್ಕೂ, ಖಾಲಿ ಉದ್ಧರಣ ಚಿಹ್ನೆ ಕೊಡುವುದಕ್ಕೂ ವ್ಯತ್ಯಾಸವಿದೆ. ಬಿಟ್ಟರೆ ಕ್ಲಸ್ಟರಿನ (ನೋಡ್‌ಗಳೆಲ್ಲ ಸೇರಿದ ಕೂಟದ) ಡೀಫಾಲ್ಟ್ ದರ್ಜೆ ಬಂದು ಸೇರಿಕೊಳ್ಳುತ್ತದೆ, ಹೊಸ ಡಿಸ್ಕ್ ಹುಟ್ಟುತ್ತದೆ, ನೀವು ಮಾಡಿಟ್ಟ ಪಿವಿ ಅನಾಥವಾಗಿ ಕೂರುತ್ತದೆ. ಖಾಲಿ ಕೊಟ್ಟರೆ ‘ಹೊಸದು ಬೇಡ, ಇರುವುದನ್ನೇ ಹುಡುಕು’ ಎಂದರ್ಥ.

ಗಾತ್ರ ಬರೆಯುವಾಗಲೂ ಎಡವಬಹುದು. ‘ಜಿ’ ಎಂದರೆ 1000ರ ಲೆಕ್ಕ, ‘ಜಿಐ’ ಎಂದರೆ 1024ರ ಲೆಕ್ಕ. 10 ಜಿ ಎಂದರೆ 1,000 ಕೋಟಿ ಬೈಟ್, 10 ಜಿಐ ಎಂದರೆ ಸುಮಾರು 1,073 ಕೋಟಿ.

## ಅರ್ಜಿಯಿಂದ ಫೋಲ್ಡರ್‌ವರೆಗಿನ ನಾಲ್ಕು ಹೆಜ್ಜೆ

ಹಿಂದೆ ಪ್ರತಿ ಕಂಪನಿಯ ಡಿಸ್ಕ್ ಕೋಡ್ ಕುಬರ್ನೆಟಿಸ್‌ನ ಒಳಗೇ ಇತ್ತು. ಡ್ರೈವರಿನಲ್ಲಿ ಒಂದು ಬಗ್ ಸರಿಮಾಡಲು ಕುಬರ್ನೆಟಿಸ್‌ನ ಮುಂದಿನ ಬಿಡುಗಡೆಗೆ ಕಾಯಬೇಕಿತ್ತು. ಇದನ್ನು ತಪ್ಪಿಸಲು ಬಂದ ಸಮಾನ ಒಪ್ಪಂದವೇ ಕಂಟೇನರ್ ಸ್ಟೋರೇಜ್ ಇಂಟರ್‌ಫೇಸ್, ಚಿಕ್ಕದಾಗಿ ಸಿಎಸ್‌ಐ. ಡಿಸೆಂಬರ್ 2018ರ 1.13ನೇ ಆವೃತ್ತಿಯಲ್ಲಿ ಇದು ಸ್ಥಿರವಾಯಿತು. ಒಪ್ಪಂದ ಕುಬರ್ನೆಟಿಸ್‌ಗಷ್ಟೇ ಸೀಮಿತವಲ್ಲ, ಕಂಟೇನರ್‌ಗಳನ್ನು ನಡೆಸುವ ನೋಮ್ಯಾಡ್‌ನಂಥ ಬೇರೆ ವ್ಯವಸ್ಥೆಗಳೂ ಇದನ್ನು ಬಳಸುತ್ತವೆ.

ಪಾಡ್ ‘ಪೆಂಡಿಂಗ್’ ಎಂದೋ ‘ಕಂಟೇನರ್‌ಕ್ರಿಯೇಟಿಂಗ್’ ಎಂದೋ ತೋರಿಸುತ್ತ ನಿಂತುಬಿಟ್ಟಾಗ ಅದು ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದರೆ ಅರ್ಧ ಸಮಸ್ಯೆ ಬಗೆಹರಿದಂತೆ.

1. ಸೃಷ್ಟಿ: ಅರ್ಜಿ ನೋಡಿ ಡ್ರೈವರಿನ ಕಂಟ್ರೋಲರ್ ಭಾಗ ಡಿಸ್ಕ್ ಮಾಡಿಸುತ್ತದೆ. ಇಲ್ಲಿ ನಿಂತರೆ ಅರ್ಜಿಯೇ ‘ಪೆಂಡಿಂಗ್’ ಆಗಿರುತ್ತದೆ. ಕೋಟಾ ಮುಗಿದಿರುವುದು, ಸ್ಟೋರೇಜ್‌ಕ್ಲಾಸ್ ಹೆಸರು ತಪ್ಪಿರುವುದು, ಕ್ಲೌಡ್ ಖಾತೆಯಲ್ಲಿ ಅನುಮತಿ ಇಲ್ಲದಿರುವುದು ಸಾಮಾನ್ಯ ಕಾರಣಗಳು.

2. ಜೋಡಣೆ: ಡಿಸ್ಕನ್ನು ಪಾಡ್ ಇರುವ ನೋಡ್‌ಗೆ ಅಟ್ಯಾಚ್ ಮಾಡುವುದು. ಯಂತ್ರಕ್ಕೆ ಹೊಸ ಹಾರ್ಡ್‌ಡಿಸ್ಕ್ ಸಿಕ್ಕಿಸಿದಂತೆ. ಇದಕ್ಕೆ ವಾಲ್ಯೂಮ್‌ಅಟ್ಯಾಚ್‌ಮೆಂಟ್ ಎಂಬ ದಾಖಲೆ ಹುಟ್ಟುತ್ತದೆ. ಎನ್‌ಎಫ್‌ಎಸ್‌ನಂಥ ನೆಟ್‌ವರ್ಕ್ ಫೋಲ್ಡರ್‌ಗಳಿಗೆ ಈ ಹೆಜ್ಜೆ ಇಲ್ಲ. ಒಂದು ನೋಡ್‌ಗೆ ಇಷ್ಟೇ ಡಿಸ್ಕ್ ಎಂಬ ಮಿತಿ ಇರುವುದರಿಂದ, ಸಣ್ಣ ಸಣ್ಣ ಡಿಸ್ಕ್‌ಗಳ ಪಾಡ್‌ಗಳನ್ನು ಒಂದೇ ಕಡೆ ತುರುಕಿದರೆ ಸಿಪಿಯು ಮೆಮೊರಿ ಮಿಕ್ಕಿದ್ದರೂ ಜಾಗ ಸಿಗುವುದಿಲ್ಲ.

3. ಸಿದ್ಧತೆ: ನೋಡ್‌ನಲ್ಲಿರುವ ಡ್ರೈವರ್ ಭಾಗ ಖಾಲಿ ಡಿಸ್ಕಿಗೆ ಇಎಕ್ಸ್‌ಟಿ4 ಇಲ್ಲವೇ ಎಕ್ಸ್‌ಎಫ್‌ಎಸ್ ಫಾರ್ಮ್ಯಾಟ್ ಹಾಕಿ, ನೋಡ್‌ನ ಒಂದು ಸಾಮಾನ್ಯ ಜಾಗದಲ್ಲಿ ಮೌಂಟ್ ಮಾಡುತ್ತದೆ. ಮೊದಲೇ ಫೈಲ್‌ಸಿಸ್ಟಂ ಇದ್ದರೆ ಅದನ್ನು ಮುಟ್ಟುವುದಿಲ್ಲ.

4. ಹಸ್ತಾಂತರ: ಆ ಜಾಗವನ್ನು ಪಾಡ್‌ನ ಫೋಲ್ಡರಿಗೆ ಬೈಂಡ್ ಮೌಂಟ್ ಮಾಡುತ್ತದೆ, ಅಂದರೆ ಅದೇ ಜಾಗ ಅಲ್ಲಿಯೂ ಕಾಣುವಂತೆ ಮಾಡುತ್ತದೆ. ಆಮೇಲೆಯೇ ಕಂಟೇನರ್ ಏಳುವುದು.

ಕುಬರ್ನೆಟಿಸ್ ಜೊತೆ ಮಾತಾಡುವ ಸಾಧನ ಕ್ಯೂಬ್‌ಸಿಟಿಎಲ್. ಅದರ ‘ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್’ ಆಜ್ಞೆಯನ್ನು ಮೊದಲು ಪಿವಿಸಿಯ ಮೇಲೆ, ಆಮೇಲೆ ಪಾಡ್‌ನ ಮೇಲೆ ಓಡಿಸಿ ಕೆಳಗಿನ ಇವೆಂಟ್ಸ್ ಓದಿ. ‘ಫೇಲ್ಡ್‌ಅಟ್ಯಾಚ್‌ವಾಲ್ಯೂಮ್’ ಎಂದಿದ್ದರೆ ಎರಡನೇ ಹೆಜ್ಜೆ, ‘ಫೇಲ್ಡ್‌ಮೌಂಟ್’ ಎಂದಿದ್ದರೆ ಹೆಚ್ಚಾಗಿ ಮೂರನೆಯದೋ ನಾಲ್ಕನೆಯದೋ. ಆದರೆ ‘ಕಾದು ಸಾಕಾಯಿತು’ ಎಂಬರ್ಥದ ಟೈಮ್‌ಔಟ್ ಸಂದೇಶವೊಂದೇ ಕಂಡರೆ ಅದನ್ನು ನಂಬಿ ಕೂರಬೇಡಿ, ಅದರ ಹಿಂದಿನ ಸಂದೇಶ ಹುಡುಕಿ. ಮೂಲ ಕಾರಣ ಅಲ್ಲಿರುತ್ತದೆ.

ಪೆಂಡಿಂಗ್ ಎಂದ ಮಾತ್ರಕ್ಕೆ ತಪ್ಪೇ ಆಗಿರಬೇಕಿಲ್ಲ. ಸ್ಟೋರೇಜ್‌ಕ್ಲಾಸ್‌ನಲ್ಲಿ ‘ವೇಟ್‌ಫಾರ್‌ಫಸ್ಟ್‌ಕನ್ಸ್ಯೂಮರ್’ ಎಂದಿದ್ದರೆ, ಅರ್ಜಿಯನ್ನು ಬಳಸುವ ಪಾಡ್ ಬರುವ ತನಕ ಡಿಸ್ಕ್ ಹುಟ್ಟುವುದಿಲ್ಲ. ಇದು ಬೇಕಂತಲೇ ಮಾಡಿದ ತಡ. ಕ್ಲೌಡ್ ಡಿಸ್ಕ್‌ಗಳು ಸಾಮಾನ್ಯವಾಗಿ ಒಂದು ವಲಯಕ್ಕೆ, ಅಂದರೆ ಒಂದು ಡೇಟಾಸೆಂಟರ್ ಗುಂಪಿಗೆ, ಕಟ್ಟುಬಿದ್ದವು. ಅರ್ಜಿ ಬಿದ್ದ ತಕ್ಷಣ ‘ಎ’ ವಲಯದಲ್ಲಿ ಡಿಸ್ಕ್ ಮಾಡಿ, ಆಮೇಲೆ ಪಾಡ್‌ಗೆ ‘ಬಿ’ ವಲಯದಲ್ಲಷ್ಟೇ ಜಾಗ ಇದೆ ಎಂದಾದರೆ ಎರಡೂ ಎಂದೂ ಸೇರವು. ಪಾಡ್ ಯಾವ ನೋಡ್‌ಗೆ ಹೋಗಬೇಕೆಂದು ನಿರ್ಧರಿಸುವ ಶೆಡ್ಯೂಲರ್ ‘ವಾಲ್ಯೂಮ್ ನೋಡ್ ಅಫಿನಿಟಿ ಕಾನ್‌ಫ್ಲಿಕ್ಟ್’ ಎಂದು ಗೊಣಗುವುದು ಇದನ್ನೇ.

## ‘ರೀಡ್‌ರೈಟ್‌ಒನ್ಸ್’ ಎಂಬ ಮೋಸದ ಹೆಸರು

ಅರ್ಜಿಯಲ್ಲಿ ಬಳಕೆಯ ಬಗೆಯನ್ನೂ ಹೇಳಬೇಕು. ಬಗೆಗಳು ನಾಲ್ಕು: ರೀಡ್‌ರೈಟ್‌ಒನ್ಸ್, ರೀಡ್‌ಓನ್ಲಿಮೆನಿ, ರೀಡ್‌ರೈಟ್‌ಮೆನಿ, ರೀಡ್‌ರೈಟ್‌ಒನ್ಸ್‌ಪಾಡ್.

ಮೊದಲನೆಯದರಲ್ಲಿ ‘ಒನ್ಸ್’ ಎಂದರೆ ಒಂದು ಪಾಡ್ ಎಂದೇ ಬಹಳ ಜನ ಎಣಿಸುತ್ತಾರೆ. ಅಲ್ಲ, ಒಂದು ನೋಡ್. ಒಂದೇ ನೋಡ್‌ನಲ್ಲಿ ಎರಡು ಪಾಡ್‌ಗಳು ಅದೇ ವಾಲ್ಯೂಮ್‌ಗೆ ಆರಾಮಾಗಿ ಬರೆಯಬಹುದು, ಒಂದರ ಫೈಲನ್ನು ಇನ್ನೊಂದು ಹಾಳುಮಾಡಲೂಬಹುದು. ನಿಜಕ್ಕೂ ಒಂದೇ ಪಾಡ್ ಸಾಕು ಎನ್ನುವವರಿಗಾಗಿ ನಾಲ್ಕನೆಯದು ಬಂತು, 1.29ನೇ ಆವೃತ್ತಿಯಲ್ಲಿ ಸ್ಥಿರವಾಯಿತು. ಹಲವು ನೋಡ್‌ಗಳಿಂದ ಬರೆಯಲು ಅವಕಾಶ ಕೊಡುವ ರೀಡ್‌ರೈಟ್‌ಮೆನಿಗೆ ಎನ್‌ಎಫ್‌ಎಸ್, ಸೆಫ್‌ಎಫ್‌ಎಸ್‌ನಂಥ ಹಂಚಿಕೆಯ ಫೈಲ್‌ಸಿಸ್ಟಂ ಬೇಕು. ಮಾಮೂಲಿ ಕ್ಲೌಡ್ ಡಿಸ್ಕಿಗೆ ಇಎಕ್ಸ್‌ಟಿ4 ಹಾಕಿ ಎರಡು ಯಂತ್ರಗಳಿಂದ ಒಟ್ಟಿಗೆ ಬರೆದರೆ ಫೈಲ್‌ಸಿಸ್ಟಂ ಕೆಡುವುದು ಖಂಡಿತ, ಒಂದರ ಬರಹ ಇನ್ನೊಂದಕ್ಕೆ ತಿಳಿಯುವುದೇ ಇಲ್ಲವಲ್ಲ.

ಈ ನಿಯಮದಿಂದ ಹುಟ್ಟುವ ಒಂದು ತೊಡಕು ಎಲ್ಲರಿಗೂ ಒಮ್ಮೆಯಾದರೂ ಎದುರಾಗುತ್ತದೆ. ಒಂದೇ ಪಾಡ್‌ನ ಡಿಪ್ಲಾಯ್‌ಮೆಂಟ್ (ಪಾಡ್‌ಗಳನ್ನು ನಿಲ್ಲಿಸಿ, ಹೊಸ ಆವೃತ್ತಿಗೆ ಬದಲಿಸುವ ಏರ್ಪಾಡು), ಅದಕ್ಕೊಂದು ರೀಡ್‌ರೈಟ್‌ಒನ್ಸ್ ಡಿಸ್ಕ್. ಹೊಸ ಆವೃತ್ತಿ ಬಿಡುತ್ತೀರಿ. ರೋಲಿಂಗ್ ಅಪ್‌ಡೇಟ್ ಪದ್ಧತಿಯಂತೆ ಮೊದಲು ಹೊಸ ಪಾಡ್ ಏಳಬೇಕು, ಅದು ಸಿದ್ಧವಾದ ಮೇಲೆ ಹಳೆಯದು ಹೋಗಬೇಕು. ಹೊಸ ಪಾಡ್ ಬೇರೆ ನೋಡ್‌ಗೆ ಬಿತ್ತೋ, ಡಿಸ್ಕ್ ಹಳೆಯ ನೋಡ್ ಬಿಡುವುದಿಲ್ಲ, ‘ಮಲ್ಟಿ ಅಟ್ಯಾಚ್’ ಎರರ್ ಬರುತ್ತದೆ. ಹಳೆಯದು ಹೋಗದೆ ಹೊಸದು ಏಳದು, ಹೊಸದು ಏಳದೆ ಹಳೆಯದು ಹೋಗದು. ಇಂಥ ಡಿಪ್ಲಾಯ್‌ಮೆಂಟ್‌ಗೆ ಪದ್ಧತಿಯನ್ನು ‘ರೀಕ್ರಿಯೇಟ್’ ಎಂದು ಬದಲಿಸಬೇಕು: ಮೊದಲು ಹಳೆಯದು ಹೋಗಲಿ, ಆಮೇಲೆ ಹೊಸದು. ಕೆಲ ಹೊತ್ತು ಸೇವೆ ನಿಲ್ಲುತ್ತದೆ, ಬೇರೆ ದಾರಿಯಿಲ್ಲ.

## ನೋಡ್ ಸತ್ತರೆ ಡಿಸ್ಕ್ ಯಾಕೆ ತಕ್ಷಣ ಬಿಡುವುದಿಲ್ಲ

ವಿದ್ಯುತ್ ಹೋಗಿಯೋ ನೆಟ್‌ವರ್ಕ್ ಕಡಿದೋ ನೋಡ್ ಮೌನವಾಯಿತು ಎನ್ನಿ. ಕ್ಲಸ್ಟರಿಗೆ ಅದು ಸತ್ತಿದೆಯೋ, ಮಾತು ಮಾತ್ರ ನಿಂತಿದೆಯೋ ಗೊತ್ತಾಗುವುದಿಲ್ಲ. ಜೀವಂತವಿದ್ದು ಇನ್ನೂ ಬರೆಯುತ್ತಿದ್ದರೆ, ಡಿಸ್ಕ್ ಕಿತ್ತು ಇನ್ನೊಂದಕ್ಕೆ ಕೊಡುವುದು ಡೇಟಾ ಕೆಡಿಸಿದಂತೆ. ಆದ್ದರಿಂದ ಅದು ಕಾಯುತ್ತದೆ. ಡೀಫಾಲ್ಟ್ ಆಗಿ ಪಾಡ್‌ಗಳು ಅಂಥ ನೋಡ್ ಅನ್ನು 300 ಸೆಕೆಂಡ್ ಸಹಿಸಿಕೊಳ್ಳುತ್ತವೆ. ಆಮೇಲೆ ಅವುಗಳನ್ನು ಅಳಿಸಲು ಗುರುತು ಹಾಕಿದರೂ, ‘ಹೌದು, ನಿಲ್ಲಿಸಿದೆ’ ಎಂದು ದೃಢಪಡಿಸಬೇಕಾದ ಕ್ಯೂಬ್ಲೆಟ್ ಉತ್ತರಿಸುವುದಿಲ್ಲ. ಪಾಡ್ ‘ಟರ್ಮಿನೇಟಿಂಗ್’ ಸ್ಥಿತಿಯಲ್ಲೇ ನೇತಾಡುತ್ತದೆ. ಅಳಿಸುವಿಕೆ ಮುಗಿಯದೆ 6 ನಿಮಿಷ ಕಳೆದು, ನೋಡ್ ಆಗಲೂ ಅಸ್ವಸ್ಥವಾಗಿದ್ದರೆ ಡಿಸ್ಕನ್ನು ಬಲವಂತವಾಗಿ ಬಿಡಿಸಲಾಗುತ್ತದೆ. ಒಟ್ಟು ಹತ್ತು ನಿಮಿಷ ಮೀರುತ್ತದೆ. ಸ್ಟೇಟ್‌ಫುಲ್‌ಸೆಟ್ ಪಾಡ್‌ನದು ಇನ್ನೂ ಕಷ್ಟ: ಹಳೆಯ ಪಾಡ್‌ನ ದಾಖಲೆ ಅಳಿಯುವ ತನಕ ಅದೇ ಹೆಸರಿನ ಹೊಸದು ಹುಟ್ಟುವುದಿಲ್ಲ.

ಯಂತ್ರ ನಿಜಕ್ಕೂ ಆಫ್ ಆಗಿದೆ ಎಂದು ನಿಮಗೆ ಖಾತ್ರಿಯಿದ್ದರೆ ಆ ನೋಡ್‌ಗೆ ‘ಔಟ್ ಆಫ್ ಸರ್ವಿಸ್’ ಎಂಬ ಟೇಂಟ್, ಅಂದರೆ ‘ಇಲ್ಲಿ ಪಾಡ್ ಬೇಡ’ ಎನ್ನುವ ಗುರುತು, ಹಾಕಬಹುದು. 1.28ರಲ್ಲಿ ಸ್ಥಿರವಾದ ಸೌಲಭ್ಯವಿದು. ಪಾಡ್‌ಗಳು ತಕ್ಷಣ ಅಳಿದು ಡಿಸ್ಕ್ ಬಿಡುಗಡೆಯಾಗುತ್ತದೆ. ಖಾತ್ರಿಯಿಲ್ಲದೆ ಹಾಕಿದರೆ, ಯಾವ ಅನಾಹುತ ತಪ್ಪಿಸಲು ಕುಬರ್ನೆಟಿಸ್ ಕಾಯುತ್ತಿತ್ತೋ ಅದನ್ನು ನೀವೇ ಕರೆದಂತೆ. ನೋಡ್ ಮರಳಿ ಬಂದ ಮೇಲೆ ಆ ಟೇಂಟ್ ಅನ್ನು ನಾವೇ ತೆಗೆಯಬೇಕು.

ಸ್ಟೇಟ್‌ಫುಲ್‌ಸೆಟ್ ಎಂದೆವಲ್ಲ, ಅದು ಡೇಟಾಬೇಸ್‌ನಂಥವಕ್ಕೆ ಮಾಡಿದ ಏರ್ಪಾಡು. ಪ್ರತಿ ಪಾಡ್‌ಗೂ 0, 1, 2 ಎಂದು ಕಾಯಂ ಸಂಖ್ಯೆ, ಪ್ರತಿಯೊಂದಕ್ಕೂ ಸ್ವಂತ ಅರ್ಜಿ. 2ನೇ ಪಾಡ್ ಎಲ್ಲಿ ಮರುಹುಟ್ಟಿದರೂ 2ನೇ ಡಿಸ್ಕೇ ಅದಕ್ಕೆ. ಪಾಡ್‌ಗಳನ್ನು ಮೂರರಿಂದ ಒಂದಕ್ಕೆ ಇಳಿಸಿದರೂ ಉಳಿದೆರಡು ಅರ್ಜಿಗಳು ಡೀಫಾಲ್ಟ್ ಆಗಿ ಹಾಗೇ ಇರುತ್ತವೆ. ಡೇಟಾಗೆ ಇದು ರಕ್ಷಣೆ, ಕ್ಲೌಡ್ ಬಿಲ್ಲಿಗೆ ಭಾರ.

## ಅರ್ಜಿ ಅಳಿಸಿದರೆ ಡಿಸ್ಕ್ ಏನಾಗುತ್ತದೆ

ಡೇಟಾ ಕಳೆದುಕೊಳ್ಳುವ ಹೆಚ್ಚಿನ ಪ್ರಸಂಗಗಳು ನಡೆಯುವುದು ಇಲ್ಲೇ. ಪ್ರತಿ ಪಿವಿಗೂ ಒಂದು ರೀಕ್ಲೇಮ್ ಪಾಲಿಸಿ ಇರುತ್ತದೆ. ‘ಡಿಲೀಟ್’ ಆಗಿದ್ದರೆ ಅರ್ಜಿಯ ಜೊತೆ ನಿಜವಾದ ಡಿಸ್ಕೂ ಅಳಿಯುತ್ತದೆ. ‘ರೀಟೇನ್’ ಆಗಿದ್ದರೆ ಉಳಿಯುತ್ತದೆ. ಸ್ಟೋರೇಜ್‌ಕ್ಲಾಸ್ ಮೂಲಕ ಹುಟ್ಟಿದ ಡಿಸ್ಕ್‌ಗಳಿಗೆ ಏನೂ ಹೇಳದಿದ್ದರೆ ಡಿಲೀಟ್. ಅರ್ಜಿಗಳು ನೇಮ್‌ಸ್ಪೇಸಿನೊಳಗಿನ (ಕ್ಲಸ್ಟರಿನೊಳಗೆ ಹೆಸರಿಟ್ಟು ಮಾಡಿದ ವಿಭಾಗದೊಳಗಿನ) ವಸ್ತುಗಳು. ಹಾಗಾಗಿ ‘ಹಳೆಯ ನೇಮ್‌ಸ್ಪೇಸ್ ಸ್ವಚ್ಛ ಮಾಡೋಣ’ ಎಂದು ಹೊಡೆದ ಒಂದೇ ಆಜ್ಞೆಗೆ ಅದರ ಡಿಸ್ಕ್‌ಗಳೆಲ್ಲ ಸಾಲಾಗಿ ಹೋಗಬಹುದು.

ಮುಖ್ಯ ಡೇಟಾ ಇರುವ ಪಿವಿಗಳ ಪಾಲಿಸಿಯನ್ನು ಇವತ್ತೇ ರೀಟೇನ್‌ಗೆ ಬದಲಿಸಿಕೊಳ್ಳಬಹುದು, ಓಡುತ್ತಿರುವ ಪಾಡ್ ನಿಲ್ಲಿಸಬೇಕಿಲ್ಲ. ಬದಲಿಸಬೇಕಾದ್ದು ಪಿವಿಯಲ್ಲಿ; ಸ್ಟೋರೇಜ್‌ಕ್ಲಾಸ್‌ನಲ್ಲಿ ಏನು ಬರೆದರೂ ಮೊದಲೇ ಹುಟ್ಟಿದ ಪಿವಿಗಳಿಗೆ ಅದು ತಟ್ಟುವುದಿಲ್ಲ.

ರೀಟೇನ್ ಇದ್ದ ಪಿವಿಯ ಅರ್ಜಿ ಅಳಿದರೆ ಪಿವಿ ‘ರಿಲೀಸ್ಡ್’ ಸ್ಥಿತಿಗೆ ಹೋಗುತ್ತದೆ. ಅದೇ ಹೆಸರಿನಲ್ಲಿ ಮತ್ತೆ ಅರ್ಜಿ ಹಾಕಿದರೂ ಅದು ತಾನಾಗಿ ಒಲಿಯುವುದಿಲ್ಲ, ಯಾಕೆಂದರೆ ಪಿವಿಯ ಕ್ಲೇಮ್‌ರೆಫ್ ಎಂಬ ಜಾಗದಲ್ಲಿ ಹಳೆಯ ಅರ್ಜಿಯ ವಿಶಿಷ್ಟ ಗುರುತು ಸಂಖ್ಯೆ (ಯುಐಡಿ) ಇನ್ನೂ ಕೂತಿರುತ್ತದೆ. ಪಿವಿಯನ್ನು ಎಡಿಟ್ ಮಾಡಿ ಕ್ಲೇಮ್‌ರೆಫ್ ತೆಗೆಯಿರಿ, ಸ್ಥಿತಿ ‘ಅವೇಲಬಲ್’ ಆಗುತ್ತದೆ. ನಂತರ ಹೊಸ ಅರ್ಜಿಯಲ್ಲಿ ಪಿವಿಯ ಹೆಸರನ್ನು ನೇರವಾಗಿ ಬರೆದು, ದರ್ಜೆ ಮತ್ತು ಬಳಕೆಯ ಬಗೆ ಹೊಂದುವಂತೆ ನೋಡಿಕೊಂಡು ಹಾಕಿದರೆ ಹಳೆಯ ಡೇಟಾ ಕೈಸೇರುತ್ತದೆ.

ಬಳಕೆಯಲ್ಲಿರುವ ಅರ್ಜಿಯನ್ನು ಅಳಿಸಲು ಹೋದರೆ ಅದು ಟರ್ಮಿನೇಟಿಂಗ್ ಎಂದು ತೋರಿಸಿ ನಿಲ್ಲುತ್ತದೆ. ಪಿವಿಸಿ ಪ್ರೊಟೆಕ್ಷನ್ ಎಂಬ ಫೈನಲೈಜರ್ (ಅಳಿಸುವುದನ್ನು ತಡೆಹಿಡಿಯುವ ಗುರುತು) ಅದನ್ನು ಹಿಡಿದಿರುತ್ತದೆ, ಕೊನೆಯ ಪಾಡ್ ಹೋದ ಮೇಲೆ ಬಿಡುತ್ತದೆ. ಇಂಟರ್ನೆಟ್ಟಿನಲ್ಲಿ ಕಂಡ ಸಲಹೆಯಂತೆ ಫೈನಲೈಜರ್ ಕಿತ್ತುಹಾಕುವ ಮೊದಲು, ಯಾವ ಪಾಡ್ ಅದನ್ನು ಬಳಸುತ್ತಿದೆ ಎಂದು ನೋಡಿ.

## ಮೌಂಟ್ ಆದ ಮೇಲಿನ ಕಿರಿಕಿರಿಗಳು

ಪೋಸ್ಟ್‌ಗ್ರೆಸ್ ಡೇಟಾ ಫೋಲ್ಡರಿನ ಮೇಲೆ ನೇರವಾಗಿ ಹೊಸ ಇಎಕ್ಸ್‌ಟಿ4 ಡಿಸ್ಕ್ ಮೌಂಟ್ ಮಾಡಿದರೆ, ‘ಫೋಲ್ಡರ್ ಖಾಲಿಯಿಲ್ಲ’ ಎಂದು ಡೇಟಾಬೇಸ್ ಹಟ ಹಿಡಿಯುತ್ತದೆ. ಹೊಚ್ಚಹೊಸ ಡಿಸ್ಕಿನಲ್ಲಿ ಏನಿದೆ ಎಂದು ಹುಡುಕಿದರೆ ಸಿಗುವುದು ‘ಲಾಸ್ಟ್+ಫೌಂಡ್’ ಎಂಬ, ಫೈಲ್‌ಸಿಸ್ಟಂ ತಾನೇ ಮಾಡಿಕೊಂಡ ಫೋಲ್ಡರ್. ಡಿಸ್ಕಿನೊಳಗೆ ಒಂದು ಉಪಫೋಲ್ಡರ್ ಮಾಡಿ ಡೇಟಾವನ್ನು ಅಲ್ಲಿಡುವಂತೆ ಹೇಳಿದರೆ ಮುಗಿಯಿತು.

ಇಮೇಜ್‌ನಲ್ಲಿ ಫೈಲುಗಳಿರುವ ಫೋಲ್ಡರಿನ ಮೇಲೆ ವಾಲ್ಯೂಮ್ ಮೌಂಟ್ ಮಾಡಿದರೆ ಆ ಫೈಲುಗಳು ಮರೆಯಾಗುತ್ತವೆ. ಡಾಕರ್‌ನಲ್ಲಿ ಹೆಸರಿಟ್ಟ ಖಾಲಿ ವಾಲ್ಯೂಮ್‌ಗೆ ಇಮೇಜ್‌ನ ಫೈಲುಗಳು ತಾವಾಗಿ ನಕಲಾಗುವುದನ್ನು ಕಂಡು ರೂಢಿಯಾದವರು ಇಲ್ಲಿ ಮುಗ್ಗರಿಸುತ್ತಾರೆ. ಬೇಕಿದ್ದರೆ ಮುಖ್ಯ ಕಂಟೇನರಿಗೂ ಮೊದಲು ಓಡಿ ಮುಗಿಯುವ ಇನಿಟ್ ಕಂಟೇನರ್ ಇಟ್ಟು ನಾವೇ ನಕಲಿಸಬೇಕು.

‘ಪರ್ಮಿಷನ್ ಡಿನೈಡ್’ ಬಂದರೆ, ಡಿಸ್ಕಿನ ಮಾಲೀಕ ರೂಟ್, ಕಂಟೇನರ್ ಓಡುತ್ತಿರುವುದು ಸಾಮಾನ್ಯ ಬಳಕೆದಾರನಾಗಿ ಎಂಬುದೇ ಬಹುತೇಕ ಕಾರಣ. ಪಾಡ್‌ನಲ್ಲಿ ಎಫ್‌ಎಸ್‌ಗ್ರೂಪ್ ಕೊಟ್ಟರೆ ಗುಂಪಿನ ಅನುಮತಿ ಸರಿಹೋಗುತ್ತದೆ. ಆದರೆ ಲಕ್ಷಾಂತರ ಫೈಲುಗಳಿರುವ ಡಿಸ್ಕಿನಲ್ಲಿ ಪ್ರತಿ ಸಲ ಮೌಂಟ್ ಆಗುವಾಗಲೂ ಪ್ರತಿ ಫೈಲಿನ ಅನುಮತಿ ಬದಲಿಸುತ್ತ ಹೋಗಿ ಪಾಡ್ ಏಳಲು ಬಹಳ ಹೊತ್ತು ಹಿಡಿಯಬಹುದು. ಎಫ್‌ಎಸ್‌ಗ್ರೂಪ್‌ಚೇಂಜ್‌ಪಾಲಿಸಿಯನ್ನು ‘ಆನ್‌ರೂಟ್‌ಮಿಸ್‌ಮ್ಯಾಚ್’ ಎಂದಿಟ್ಟರೆ, ಮೇಲಿನ ಫೋಲ್ಡರಿನ ಅನುಮತಿ ಸರಿಯಿದ್ದಾಗ ಒಳಗಿನದನ್ನು ಮುಟ್ಟುವುದಿಲ್ಲ.

ಜಾಗ ಸಾಲದಾದರೆ, ಸ್ಟೋರೇಜ್‌ಕ್ಲಾಸ್‌ನಲ್ಲಿ ವಿಸ್ತರಣೆಗೆ ಅವಕಾಶವಿದ್ದು ಡ್ರೈವರೂ ಒಪ್ಪಿದರೆ, ಅರ್ಜಿಯ ಅಂಕಿ ಹೆಚ್ಚಿಸಿದರೆ ಸಾಕು, ಡಿಸ್ಕೂ ಫೈಲ್‌ಸಿಸ್ಟಮೂ ಬೆಳೆಯುತ್ತವೆ. ಇದ್ದ ಡಿಸ್ಕನ್ನು ಚಿಕ್ಕದು ಮಾಡಲು ಬರುವುದಿಲ್ಲ. ಅಂದಾಜಿಲ್ಲದಾಗ ಚಿಕ್ಕದರಿಂದ ಶುರುಮಾಡುವುದು ಜಾಣತನ.

ಸ್ನ್ಯಾಪ್‌ಶಾಟ್ ಸೌಲಭ್ಯ 2020ರ ಡಿಸೆಂಬರಿನಲ್ಲಿ ಬಂದ 1.20ನೇ ಆವೃತ್ತಿಯಿಂದ ಸ್ಥಿರವಾಗಿದೆ. ಅದು ಡಿಸ್ಕಿನ ಆ ಕ್ಷಣದ ಚಿತ್ರ. ಡೇಟಾಬೇಸ್ ಇನ್ನೂ ಮೆಮೊರಿಯಲ್ಲೇ ಇಟ್ಟುಕೊಂಡು ಡಿಸ್ಕಿಗೆ ಬರೆಯದೆ ಇರುವುದು ಅದರಲ್ಲಿ ಸಿಗುವುದಿಲ್ಲ. ಜೊತೆಗೆ ಸ್ನ್ಯಾಪ್‌ಶಾಟ್‌ಗೂ ತನ್ನದೇ ಡಿಲೀಟ್ ಅಥವಾ ರೀಟೇನ್ ಪಾಲಿಸಿ ಇದೆ: ಡಿಲೀಟ್ ಇದ್ದರೆ, ನೇಮ್‌ಸ್ಪೇಸ್ ಅಳಿಸಿದಾಗ ಡಿಸ್ಕಿನ ಹಿಂದೆಯೇ ಸ್ನ್ಯಾಪ್‌ಶಾಟ್ ಕೂಡ ಹೋಗುತ್ತದೆ. ಅದರಿಂದ ಡೇಟಾ ಮರಳಿ ಪಡೆಯುವಾಗ ಹಳೆಯ ಡಿಸ್ಕಿನ ಮೇಲೆ ಬರೆಯಲಾಗುವುದಿಲ್ಲ, ಸ್ನ್ಯಾಪ್‌ಶಾಟನ್ನು ಮೂಲವಾಗಿ ತೋರಿಸುವ ಹೊಸ ಅರ್ಜಿ ಹಾಕಬೇಕು. ಪಾಡ್ ಅನ್ನು ಆ ಹೊಸ ಅರ್ಜಿಯ ಕಡೆ ತಿರುಗಿಸಿ, ಡೇಟಾ ಸರಿಯಾಗಿ ತೆರೆಯಿತೆಂದು ನೋಡಿಕೊಂಡ ಮೇಲಷ್ಟೇ ಹಳೆಯ ಅರ್ಜಿಯನ್ನು ಅಳಿಸಿ.